ಮೆನ್ಸಾ: ಆಕಾಶದಲ್ಲಿ ಮೇಜು ಇಟ್ಟವರು ಯಾರು?

ಅಂಗಳದ ಆಕಾಶ

ಎಲ್ಲರಿಗೂ ನಮಸ್ಕಾರ. ಫೋನಿನ ನಕ್ಷತ್ರ ಆ್ಯಪ್‌ನಲ್ಲಿ ಅಗಸ್ತ್ಯ ನಕ್ಷತ್ರ ಹುಡುಕಿ, ಹಾಗೇ ಬೆರಳಿನಲ್ಲಿ ಜರುಗಿಸುತ್ತಾ ಇನ್ನೂ ದಕ್ಷಿಣಕ್ಕೆ ಹೋದೆ. ದಿಗಂತದ ಗೆರೆ ಹತ್ತಿರ 'ಮೆನ್ಸಾ' ಅಂತ ಒಂದು ನಕ್ಷತ್ರಪುಂಜ ಬಂತು. ಒತ್ತಿದರೆ 'ಮೇಜು' ಅಂತ ತೋರಿಸಿತು. ಇರುವುದು ನಾಲ್ಕು ಚುಕ್ಕಿ, ಅವೂ ಮಂಕು. ಸಿಂಹ, ಚೇಳು, ಬೇಟೆಗಾರ ಎಲ್ಲ ಸರಿ, ಅವಕ್ಕೆ ಕಥೆ ಇದೆ. ಮೇಜನ್ನು ಯಾರು ತಂದಿಟ್ಟರು? ಯಾಕೆ?

ನಾನು ತುಮಕೂರು ಕಡೆಯವನು. ಕೈಯಲ್ಲಿ ಒಂದು 10×50 ಬೈನಾಕ್ಯುಲರ್ ಇದೆ. ಇಲ್ಲಿಂದ ಇದು ಯಾವತ್ತಾದರೂ ಕಾಣುತ್ತದೆಯೇ?

ತರಲೆ ತಮ್ಮಯ್ಯ

ಮೆನ್ಸಾ ಅಂದರೆ ಬುದ್ಧಿವಂತರ ಸಂಘ ಅಲ್ವಾ? ಐಕ್ಯೂ ಪರೀಕ್ಷೆ ಪಾಸಾದವರಿಗೆ ಮಾತ್ರ ಕಾಣುತ್ತದೆ ಬಿಡಿ.

ಹಳೇ ಮೇಷ್ಟ್ರು

ತಮ್ಮಯ್ಯನವರೇ, ಸಂಘದವರು ತಗೊಂಡದ್ದೂ ಅದೇ ಲ್ಯಾಟಿನ್ ಪದ. ಆ ಸಂಘ 1946ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ನಕ್ಷತ್ರಪುಂಜಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಂಗಳದವರೇ, ಅದು ಮೇಜಲ್ಲ, ಬೆಟ್ಟ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಊರಿನ ಹಿಂದೆ ನಿಂತಿರುವ ಟೇಬಲ್ ಮೌಂಟನ್. ಅದಕ್ಕೆ ಆಕಾಶದಲ್ಲಿ ಜಾಗ ಕೊಟ್ಟವರು ಫ್ರಾನ್ಸಿನ ಖಗೋಳಜ್ಞ ನಿಕೊಲಾ ಲೂಯಿ ದ ಲಕಾಯ್. 1751ರಲ್ಲಿ ಹಡಗಿನಲ್ಲಿ ಕೇಪ್‌ಗೆ ಬಂದರು, 1753ರವರೆಗೂ ಅಲ್ಲೇ ಇದ್ದರು. ಆಗ ಆ ಊರು ಡಚ್ ಕಂಪನಿಯ ಕೈಯಲ್ಲಿತ್ತು. ಸ್ಟ್ರಾಂಡ್ ಬೀದಿಯ ಒಂದು ಮನೆಯಲ್ಲಿ ಇಳಿದುಕೊಂಡು, ಅಲ್ಲೇ ಒಂದು ಪುಟ್ಟ ವೀಕ್ಷಣಾಲಯ ಕಟ್ಟಿಸಿಕೊಂಡರು.

ಅವರ ದೂರದರ್ಶಕ ಎಷ್ಟು ದೊಡ್ಡದಿತ್ತು ಹೇಳಿ ನೋಡೋಣ. ಗಾಜಿನ ಅಗಲ ಅರ್ಧ ಇಂಚು! ಎಂಟು ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು, ಅಷ್ಟೇ. ನಿಮ್ಮ ಬೈನಾಕ್ಯುಲರ್ ಅದಕ್ಕಿಂತ ಎಷ್ಟೋ ಮೇಲು. ಅದರ ನೋಟದಲ್ಲಿ ವಜ್ರಾಕಾರದ ಒಂದು ಚೌಕಟ್ಟು ಕೂರಿಸಿದ್ದರು. ದೂರದರ್ಶಕ ಅಲುಗಾಡುವಂತಿಲ್ಲ. ಭೂಮಿ ತಿರುಗುತ್ತಿದ್ದಂತೆ ನಕ್ಷತ್ರಗಳು ಒಂದೊಂದಾಗಿ ಚೌಕಟ್ಟಿನೊಳಗೆ ಬಂದು ಆ ಕಡೆ ದಾಟುತ್ತವೆ. ಒಳಗೆ ಬಂದ ಗಳಿಗೆ, ಹೊರಗೆ ಹೋದ ಗಳಿಗೆ, ಎರಡನ್ನೂ ಗಡಿಯಾರ ನೋಡಿ ಬರೆದುಕೊಳ್ಳುವುದು. ಎರಡರ ನಡುವಿನ ಹೊತ್ತಿನಿಂದ ನಕ್ಷತ್ರ ಎಷ್ಟು ಮೇಲೆ, ಎಷ್ಟು ಕೆಳಗೆ ಹಾದುಹೋಯಿತು ಅನ್ನುವ ಲೆಕ್ಕ ಸಿಗುತ್ತದೆ. ಹೀಗೆ ಒಂದು ವರ್ಷದೊಳಗೆ ಹತ್ತಿರ ಹತ್ತಿರ 10,000 ನಕ್ಷತ್ರ ಗುರುತು ಹಾಕಿಕೊಂಡರು. ಜೊತೆಗೆ ಇನ್ನೊಬ್ಬ ಖಗೋಳಜ್ಞರು ಇರಲಿಲ್ಲ. ಅಷ್ಟನ್ನೂ ಲೆಕ್ಕ ಹಾಕಿ ಮುಗಿಸಲು ಅವರಿಗೆ ಆಯುಸ್ಸು ಸಾಲಲಿಲ್ಲ. 1762ರಲ್ಲಿ ತೀರಿಕೊಂಡರು. 9,766 ನಕ್ಷತ್ರಗಳ ಪೂರ್ತಿ ಪಟ್ಟಿ ಅಚ್ಚಾದದ್ದು 1847ರಲ್ಲಿ.

ಇಷ್ಟು ನಕ್ಷತ್ರ ಸಿಕ್ಕ ಮೇಲೆ ಅವಕ್ಕೆ ಗುಂಪು ಬೇಕಲ್ಲ. ಖಾಲಿ ಬಿದ್ದಿದ್ದ ಜಾಗಗಳಲ್ಲಿ 14 ಹೊಸ ಪುಂಜ ಮಾಡಿದರು. ಇವತ್ತು ಎಲ್ಲರೂ ಒಪ್ಪಿರುವ 88 ಪುಂಜಗಳಲ್ಲಿ ಆ 14ಕ್ಕೂ ಜಾಗ ಇದೆ. ಹದಿಮೂರು ವಿಜ್ಞಾನದ, ಕಲೆಯ ಉಪಕರಣಗಳು. ದೂರದರ್ಶಕ, ಸೂಕ್ಷ್ಮದರ್ಶಕ, ಗಡಿಯಾರ, ಕೈವಾರ, ಉಳಿ, ಕುಲುಮೆ, ಗಾಳಿ ಪಂಪು ಹೀಗೆ. ಆ ವಜ್ರಾಕಾರದ ಚೌಕಟ್ಟನ್ನೂ ಬಿಡಲಿಲ್ಲ, ಅದು 'ರೆಟಿಕ್ಯುಲಂ' ಆಯಿತು. ಹದಿನಾಲ್ಕನೆಯದು ಮಾತ್ರ ಬೆಟ್ಟ.

1756ರಲ್ಲಿ ಅಚ್ಚಾದ ಅವರ ನಕ್ಷೆಯಲ್ಲಿ ಹೆಸರು ಫ್ರೆಂಚಿನಲ್ಲಿದೆ, 'ಮೇಜಿನ ಬೆಟ್ಟ' ಅಂತ. ತೀರಿಕೊಂಡ ಮೇಲೆ 1763ರಲ್ಲಿ ಬಂದ ಪುಸ್ತಕದಲ್ಲಿ ಅದೇ ಲ್ಯಾಟಿನ್‌ಗೆ ತಿರುಗಿ 'ಮೋನ್ಸ್ ಮೆನ್ಸೈ' ಆಯಿತು. 1844ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾನ್ ಹರ್ಷೆಲ್ ಎರಡು ಪದದ ಹೆಸರುಗಳನ್ನೆಲ್ಲ ಒಂದಕ್ಕೆ ಇಳಿಸೋಣ ಅಂದರು. ಮರುವರ್ಷ ಫ್ರಾನ್ಸಿಸ್ ಬೈಲಿಯವರ ನಕ್ಷತ್ರಪಟ್ಟಿ ಬರೀ 'ಮೆನ್ಸಾ' ಅಂತ ಹಾಕಿತು. ಬೆಟ್ಟ ಬಿಟ್ಟುಹೋಯಿತು, ಮೇಜು ಉಳಿಯಿತು. ನಿಮ್ಮ ಆ್ಯಪ್ ತೋರಿಸಿದ್ದು ಅದನ್ನೇ.

ಲೆಕ್ಕಾಚಾರ

ಕಾಣುತ್ತದೆಯೇ ಅನ್ನುವುದಕ್ಕೆ ನನ್ನ ಉತ್ತರ. 90ರಿಂದ ನಿಮ್ಮೂರಿನ ಅಕ್ಷಾಂಶ ಕಳೆಯಿರಿ. ಉಳಿದದ್ದರಿಂದ ನಕ್ಷತ್ರ ಖಗೋಳ ವಿಷುವದ್ರೇಖೆಗಿಂತ ಎಷ್ಟು ಡಿಗ್ರಿ ದಕ್ಷಿಣಕ್ಕಿದೆಯೋ ಅದನ್ನು ಕಳೆಯಿರಿ. ದಕ್ಷಿಣ ದಿಕ್ಕಿನಲ್ಲಿ ಅದು ಹೆಚ್ಚೆಂದರೆ ಎಷ್ಟು ಎತ್ತರ ಬರುತ್ತದೆ ಅಂತ ಗೊತ್ತಾಗುತ್ತದೆ.

ಮೆನ್ಸಾದ ಅತಿ ಪ್ರಕಾಶಮಾನ ನಕ್ಷತ್ರ ಆಲ್ಫಾ. ಅದು ಸುಮಾರು 74.75 ಡಿಗ್ರಿ ದಕ್ಷಿಣ. ತುಮಕೂರು 13.3. ಉಳಿಯುವುದು 2 ಡಿಗ್ರಿಗೂ ಒಂದು ಚೂರು ಕಡಿಮೆ. ಕೈ ನೀಟಾಗಿ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಒಂದು ಡಿಗ್ರಿ ಅಂತ ಇಟ್ಟುಕೊಳ್ಳಿ. ದಿಗಂತದ ಮೇಲೆ ಎರಡು ಕಿರುಬೆರಳಿನಷ್ಟು ಎತ್ತರ.

ಅಷ್ಟು ಕೆಳಗೆ ನೋಡುವಾಗ ನೆತ್ತಿಯ ಮೇಲೆ ನೋಡುವುದಕ್ಕಿಂತ ಸುಮಾರು 20 ಪಟ್ಟು ಗಾಳಿಯ ಮೂಲಕ ನೋಡುತ್ತಿದ್ದೀರಿ. ಆಲ್ಫಾದ ಕಾಂತಿಮಾನವೇ 5.1 (ಈ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು). ಅಂದರೆ ಒಳ್ಳೆ ಕತ್ತಲಿನಲ್ಲಿ ನೆತ್ತಿ ಮೇಲಿದ್ದರೂ ಕಣ್ಣು ಕಿರಿದು ಮಾಡಿ ಹುಡುಕಬೇಕು. 88 ಪುಂಜಗಳಲ್ಲಿ ಯಾವುದರ ಅತಿ ಪ್ರಕಾಶಮಾನ ನಕ್ಷತ್ರ ಎಲ್ಲಕ್ಕಿಂತ ಮಂಕು ಅಂದರೆ ಇದರದ್ದೇ. ಹಾಗಾಗಿ ತುಮಕೂರಿನಿಂದ ಆಗದ ಮಾತು. ಬೈನಾಕ್ಯುಲರಿನಲ್ಲೂ ಆಗದು.

ಬೀದರ್ ಬಿಸಿಲು

ನಮ್ಮ ಬೀದರಿಗೆ ಹಾಕ್ರಿ ಸಾಹೇಬ್ರ ಲೆಕ್ಕಾ.

ಲೆಕ್ಕಾಚಾರ

ಬೀದರ್ 17.9 ಸರ್. ಎರಡೂವರೆ ಡಿಗ್ರಿ ನೆಲದ ಒಳಗೇ ಇರುತ್ತದೆ. ನಿಮಗೆ ಹುಟ್ಟುವುದೇ ಇಲ್ಲ.

ಬೀದರ್ ಬಿಸಿಲು

ಚಿಂತಿ ಬಿಟ್ಟಿತು. ಕೋಟಿ ಮ್ಯಾಲ ಹತ್ತಿ ನೋಡೂ ಕೆಲಸಾ ಉಳೀತು.

ಅಂಗಳದ ಆಕಾಶ

ಕನ್ಯಾಕುಮಾರಿ?

ಲೆಕ್ಕಾಚಾರ

ಅಲ್ಲಿ 7 ಡಿಗ್ರಿ ಸಿಗುತ್ತದೆ. ಗಾಳಿ 8 ಪಟ್ಟಿನ ಹತ್ತಿರ. ದಕ್ಷಿಣಕ್ಕೆ ಬರೀ ಸಮುದ್ರ, ಯಾವ ಊರಿನ ದೀಪವೂ ಅಡ್ಡ ಬರುವುದಿಲ್ಲ. ತೇವದ ಮಂಜು ಇಲ್ಲದ ರಾತ್ರಿ ಸಿಕ್ಕರೆ ನಿಮ್ಮ 10×50ರಲ್ಲಿ ಆಲ್ಫಾ ಸಿಗಬಹುದು ಅಂತ ಲೆಕ್ಕ ಹೇಳುತ್ತದೆ. ಸಮುದ್ರದ ಮೇಲೆ ತೇವ ಇಲ್ಲದ ರಾತ್ರಿ ಯಾವಾಗ ಬರುತ್ತದೆ ಅಂತ ಲೆಕ್ಕ ಹೇಳುವುದಿಲ್ಲ.

ಹೋಗುವುದಾದರೆ ಫೆಬ್ರುವರಿ ಮಧ್ಯ, ರಾತ್ರಿ 9ರ ಸುಮಾರಿಗೆ. ಅಗಸ್ತ್ಯ ನೇರ ದಕ್ಷಿಣಕ್ಕೆ ಬಂದಾಗ ಮೆನ್ಸಾ ಹೆಚ್ಚುಕಡಿಮೆ ಅದರ ಕೆಳಗೇ ಇರುತ್ತದೆ.

ಕರಾವಳಿ ಕಾಗೆ

ಒಂದು ತಮಾಷೆ ಗಮನಿಸಿದಿರಾ? ವಿಂಧ್ಯ ಪರ್ವತ ಸೊಕ್ಕಿನಿಂದ ಬೆಳೆಯುತ್ತಿತ್ತು, ಅಗಸ್ತ್ಯರು ಬಂದಾಗ ಬಗ್ಗಿ ದಾರಿ ಕೊಟ್ಟಿತು, ನಾನು ವಾಪಸ್ ಬರುವ ತನಕ ಹೀಗೇ ಇರು ಅಂದವರು ದಕ್ಷಿಣಕ್ಕೆ ಹೋಗಿ ತಿರುಗಿ ಬರಲೇ ಇಲ್ಲ. ಯಕ್ಷಗಾನದಲ್ಲಿ, ಅಜ್ಜಿ ಬಾಯಲ್ಲಿ ಕೇಳಿದ ಕಥೆ. ಈಗ ಆಕಾಶದಲ್ಲೂ ಅಗಸ್ತ್ಯನ ಕೆಳಗೆ ಒಂದು ಬೆಟ್ಟ ಇದೆ, ಅದೂ ನಮ್ಮ ಕಡೆಯಿಂದ ತಲೆ ಎತ್ತುವುದೇ ಇಲ್ಲ!

ಹಳೇ ಮೇಷ್ಟ್ರು

ಕಾಕತಾಳೀಯ ಅಮ್ಮಾ. ಆದರೆ ಚೆನ್ನಾಗಿದೆ. ಪಾಠ ಮಾಡುತ್ತಿದ್ದಾಗ ಗೊತ್ತಿದ್ದರೆ ಮಕ್ಕಳಿಗೆ ಹೇಳುತ್ತಿದ್ದೆ.

ಕೇಪ್ ಕನ್ನಡಿಗ

ತಡವಾಗಿ ನೋಡಿದೆ. ನಾನು ಕೆಲಸದ ಮೇಲೆ ಕೇಪ್‌ಟೌನ್‌ನಲ್ಲಿದ್ದೇನೆ. ಮೂಲ ಅರಸೀಕೆರೆ. ಮೇಷ್ಟ್ರು ಒಂದು ಮುಖ್ಯ ವಿಷಯ ಬಿಟ್ಟರು. ಮೋಡ!

ಇಲ್ಲಿ ಬೇಸಿಗೆ ಅಂದರೆ ನವೆಂಬರಿನಿಂದ ಫೆಬ್ರುವರಿ. ಆಗ ಆಗ್ನೇಯ ದಿಕ್ಕಿನಿಂದ ಗಾಳಿ ಹೊಡೆಯುತ್ತದೆ. ಸುಮ್ನೆ ಗಾಳಿ ಅಲ್ಲ, ಬೀದಿಯಲ್ಲಿ ಕಂಬ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ. ಊರಿನ ಕೊಳೆ, ಹೊಗೆ ಎಲ್ಲ ಗುಡಿಸಿಕೊಂಡು ಹೋಗುತ್ತದೆ ಅಂತ ಇದಕ್ಕೆ 'ಕೇಪ್ ಡಾಕ್ಟರ್' ಅಂತ ಹೆಸರು. ಸಮುದ್ರದ ಮೇಲಿನಿಂದ ಬರುವ ತೇವದ ಗಾಳಿ ಬೆಟ್ಟದ ಹಿಂಬದಿ ಏರುತ್ತದೆ, ಮೇಲೆ ಹೋಗುತ್ತಾ ತಣ್ಣಗಾಗುತ್ತದೆ, ಮೋಡ ಕಟ್ಟುತ್ತದೆ. ಬೆಟ್ಟದ ನೆತ್ತಿ ಈ ತುದಿಯಿಂದ ಆ ತುದಿಗೆ ಸುಮಾರು 3 ಕಿಲೋಮೀಟರ್, ಮಟ್ಟಸ. ಆ ನೆತ್ತಿ ತುಂಬಿದ ಮೇಲೆ ಮೋಡ ಹಾಲು ಉಕ್ಕಿದ ಹಾಗೆ ಊರಿನ ಕಡೆಯ ಅಂಚಿನಿಂದ ಕೆಳಗೆ ಇಳಿಯುತ್ತದೆ. ಇಳಿಯುತ್ತಾ ಗಾಳಿ ಬೆಚ್ಚಗಾಗುತ್ತದೆ, ಮೋಡ ಅಲ್ಲೇ ಕರಗುತ್ತದೆ. ಊರಿಗೆ ತಲುಪುವುದೇ ಇಲ್ಲ. ಆಫೀಸಿನ ಕಿಟಕಿಯಿಂದ ನೋಡುತ್ತಾ ನಿಂತರೆ ಗಂಟೆಗಟ್ಟಲೆ ಸುರಿಯುತ್ತಲೇ ಇರುತ್ತದೆ, ಆದರೆ ಕೆಳಗಿನ ಅಂಚು ಮಾತ್ರ ಇದ್ದಲ್ಲೇ ಇರುತ್ತದೆ. ಕೇಬಲ್ ಕಾರ್ ಅವತ್ತು ಬಂದ್.

ಇಲ್ಲಿನವರು ಆ ಮೋಡವನ್ನು 'ಟೇಬಲ್‌ಕ್ಲಾತ್' ಅನ್ನುತ್ತಾರೆ. ಮೇಜಿಗೆ ಹಾಸಿದ ಬಟ್ಟೆ. ಲಕಾಯ್ ಕೂಡ ಇದನ್ನು ಬರೆದಿಟ್ಟಿದ್ದಾರೆ. ಜೋರು ಆಗ್ನೇಯ ಗಾಳಿ ಬರುವ ಮುಂಚೆ ಬಿಳಿ ಮೋಡ ಬಂದು ಬೆಟ್ಟಕ್ಕೆ ಬಟ್ಟೆಯಂತೆ ಹಾಸಿಕೊಳ್ಳುತ್ತದೆ ಅನ್ನುವ ಅರ್ಥದಲ್ಲಿ. ಆಕಾಶದಲ್ಲಿ ಈ ಪುಂಜಕ್ಕೆ ಜಾಗ ಹುಡುಕಿದ್ದು ಎಲ್ಲಿ ಗೊತ್ತಾ? ಸರಿಯಾಗಿ ದೊಡ್ಡ ಮೆಗೆಲನ್ ಮೋಡದ ಅಡಿಗೆ. ಅದು ನಿಜವಾದ ಮೋಡ ಅಲ್ಲ, 1,60,000 ಜ್ಯೋತಿರ್ವರ್ಷ ದೂರದ ಒಂದು ಪುಟ್ಟ ಗೆಲಾಕ್ಸಿ. ಆದರೆ ಬರಿಗಣ್ಣಿಗೆ ಬಿಳಿ ಮೋಡದ ತುಣುಕೇ. ಅದರ ಒಂದು ಅಂಚು ಮೆನ್ಸಾದ ಗಡಿಯೊಳಗೆ ಬರುತ್ತದೆ, ಉಳಿದದ್ದು ಪಕ್ಕದ ಡೊರಾಡೊ ಪುಂಜದಲ್ಲಿ. ಬೆಟ್ಟ, ಮೇಲೆ ಮೋಡ. ಹೆಸರಿನ ಜೊತೆ ಚಿತ್ರವನ್ನೂ ಎತ್ತಿ ಆಕಾಶದಲ್ಲಿ ಇಟ್ಟರು. ಹದಿಮೂರು ಉಪಕರಣಗಳ ನಡುವೆ ಇದೊಂದು ಯಾಕೆ ಅನ್ನುವುದಕ್ಕೆ ನನಗೆ ಇದೇ ಉತ್ತರ ಅನ್ನಿಸುತ್ತದೆ.

ಈ ಮೋಡಕ್ಕೆ ಊರಿನ ಕಥೆಯೂ ಒಂದಿದೆ. ವಾನ್ ಹುಂಕ್ಸ್ ಅಂತ ಒಬ್ಬ ಮುದಿ ಕಡಲ್ಗಳ್ಳ, ಹೆಂಡತಿ ಬೈಗುಳ ತಾಳಲಾರದೆ ಬೆಟ್ಟದ ಮೇಲೆ ಬಂದು ಚುಂಗಾಣಿ ಸೇದುತ್ತಿದ್ದನಂತೆ. ಸೈತಾನ ಬಂದು ಯಾರು ಜಾಸ್ತಿ ಸೇದುತ್ತಾರೆ ನೋಡೋಣ ಅಂದನಂತೆ. ಪಂದ್ಯ ಇನ್ನೂ ನಡೆಯುತ್ತಿದೆ, ಹೊಗೆಯೇ ಮೋಡ. ಪಕ್ಕದ ಶಿಖರದ ಹೆಸರು ಡೆವಿಲ್ಸ್ ಪೀಕ್.

ತರಲೆ ತಮ್ಮಯ್ಯ

ಹೆಂಡತಿ ಬೈಗುಳಕ್ಕೆ ಬೆಟ್ಟ ಹತ್ತಿದವನಿಗೆ ಪುಂಜ ಇಲ್ಲ. ಎರಡು ವರ್ಷಕ್ಕೆ ಬಂದು ಹೋದವರು ಇಟ್ಟ ಹೆಸರು ಉಳಿಯಿತು.

ಒಂಟಿ ಮರ

ತಮ್ಮಯ್ಯ ತಮಾಷೆಗೆ ಹೇಳಿದ್ದನ್ನು ನಾನು ಗಂಭೀರವಾಗಿಯೇ ಕೇಳುತ್ತೇನೆ. ಆ ನೆಲದ ಖೊಯ್, ಸಾನ್ ಜನ ಸಾವಿರಾರು ವರ್ಷದಿಂದ ಅದೇ ಆಕಾಶ ನೋಡುತ್ತಿದ್ದರು. ಅವರಿಗೆ ತಮ್ಮದೇ ಕಥೆಗಳಿದ್ದವು. ಹುಡುಗಿಯೊಬ್ಬಳು ಒಲೆಯ ಬೂದಿ ತೂರಿದ್ದೇ ಆಕಾಶಗಂಗೆ ಆಯಿತು ಅನ್ನುವ ಕಥೆ ಅವರಲ್ಲಿದೆ, 19ನೇ ಶತಮಾನದಲ್ಲಿ ಬ್ಲೀಕ್ ಮತ್ತು ಲಾಯ್ಡ್ ಅನ್ನುವ ಭಾಷಾ ವಿದ್ವಾಂಸರು ಬರೆದುಕೊಂಡದ್ದು. ಒಬ್ಬ ಯುರೋಪಿಯನ್ ಬಂದು 'ಖಾಲಿ ಜಾಗ' ಅಂದುಕೊಂಡು ಪಂಪು, ಕೈವಾರ ತುಂಬಿದ್ದನ್ನು ನಾವೂ ತಲೆದೂಗಿ ಒಪ್ಪಬೇಕೇ?

ಕೇಪ್ ಕನ್ನಡಿಗ

ಮಾತು ಸರಿ ಇದೆ. ಬೆಟ್ಟದ ಹೆಸರಿಗೂ ಅದೇ ಆಗಿದೆ. 1503ರಲ್ಲಿ ಪೋರ್ಚುಗೀಸ್ ನಾವಿಕ ಸಲ್ದಾನ್ಯ ಹತ್ತಿ ನೋಡಿ 'ಕೇಪಿನ ಮೇಜು' ಅಂತ ಕರೆದ. ಅದಕ್ಕಿಂತ ಮುಂಚೆ ಖೊಯ್ ಮಾತಿನಲ್ಲಿ 'ಹುರಿಕ್ವಾಗೊ', ಸಮುದ್ರದ ಬೆಟ್ಟ, ಅಂತಿತ್ತು ಅಂತ ಇಲ್ಲಿನವರು ಹೇಳುತ್ತಾರೆ. ಈಗ ಆ ಹೆಸರನ್ನೂ ಬಳಸುತ್ತಾರೆ.

ಹಳೇ ಮೇಷ್ಟ್ರು

ಒಂಟಿ ಮರ ಅವರೇ, ನಿಮ್ಮ ಆಕ್ಷೇಪಣೆ ಒಪ್ಪುತ್ತೇನೆ. ಆದರೂ ಲಕಾಯ್ ಪರವಾಗಿ ಒಂದು ಮಾತು. ಆ ಕಾಲದಲ್ಲಿ ಆಕಾಶ ಅಂದರೆ ದೊರೆಗಳನ್ನು ಮೆಚ್ಚಿಸುವ ಜಾಗ. ಎಡ್ಮಂಡ್ ಹ್ಯಾಲಿ ದಕ್ಷಿಣದ ಆಕಾಶದಲ್ಲಿ ತಮ್ಮ ದೊರೆ ಎರಡನೇ ಚಾರ್ಲ್ಸ್ ಅಡಗಿ ಕುಳಿತಿದ್ದ ಓಕ್ ಮರವನ್ನೇ ನೆಟ್ಟಿದ್ದರು. ಲಕಾಯ್ ಅದನ್ನು ಕಿತ್ತು ಹಾಕಿದರು. ತಮ್ಮ ದೊರೆ ಹದಿನೈದನೇ ಲೂಯಿಗೆ ಒಂದು ಚುಕ್ಕಿಯನ್ನೂ ಕೊಡಲಿಲ್ಲ. ತಮ್ಮ ಹೆಸರೂ ಇಲ್ಲ. ದುಡಿಯುವ ಕೈಯ ಸಾಮಾನು ಇಟ್ಟರು. ಕುಲುಮೆ, ಉಳಿ ಆಕಾಶದಲ್ಲಿವೆ ಅನ್ನುವುದು ನನಗಂತೂ ಖುಷಿಯ ವಿಷಯ.

ಒಂಟಿ ಮರ

ಕುಲುಮೆ ಇರಲಿ ಮೇಷ್ಟ್ರೇ, ನನ್ನ ತಕರಾರಿಲ್ಲ. ಪಂಪಿನ ಬಗ್ಗೆ ತಕರಾರು ಇದ್ದೇ ಇದೆ.

ಸರಪಳಿ ಸರ್ವೆಯರ್

ಭೂಮಾಪನ ಇಲಾಖೆಯಲ್ಲಿ ಜೀವಮಾನ ಕಳೆದವನು ನಾನು. ನೀವೆಲ್ಲ ನಕ್ಷತ್ರ ಹಿಡಿದುಕೊಂಡಿದ್ದೀರಿ, ಲಕಾಯ್ ಅಂದರೆ ನಮಗೆ ನೆನಪಾಗುವುದು ನೆಲದ ಅಳತೆ. ಈ ಬೆಟ್ಟ ಅವರಿಗೆ ಎಂಥ ಆಟ ಆಡಿಸಿತು ಅನ್ನುವುದನ್ನು ಯಾರೂ ಹೇಳಲಿಲ್ಲವಲ್ಲ, ನಾನೇ ಬರೆಯುತ್ತೇನೆ. ಉದ್ದ ಆಗುತ್ತದೆ, ಪುರಸೊತ್ತಿದ್ದವರು ಓದಿ.

ಭೂಮಿ ಧ್ರುವದ ಕಡೆ ಉದ್ದಕ್ಕೆ ಚಾಚಿದೆಯೇ, ಚಪ್ಪಟೆಯೇ ಅಂತ ಆ ಕಾಲದಲ್ಲಿ ದೊಡ್ಡ ಜಗಳ. ಒಂದು ಡಿಗ್ರಿ ಅಕ್ಷಾಂಶಕ್ಕೆ ನೆಲದ ಮೇಲೆ ಎಷ್ಟು ದೂರ ಅಂತ ಬೇರೆ ಬೇರೆ ಊರಿನಲ್ಲಿ ಅಳೆದರೆ ಉತ್ತರ ಸಿಗುತ್ತದೆ. ಭೂಮಿ ಧ್ರುವದಲ್ಲಿ ಚಪ್ಪಟೆ ಇದ್ದರೆ ಧ್ರುವದ ಹತ್ತಿರ ಹೋದಂತೆ ಡಿಗ್ರಿಯ ಉದ್ದ ಹೆಚ್ಚಬೇಕು. ಲ್ಯಾಪ್‌ಲ್ಯಾಂಡಿನಲ್ಲಿ, ದಕ್ಷಿಣ ಅಮೆರಿಕದಲ್ಲಿ ಅಳೆದು ಇದು ಹೌದು ಅಂತ ಆಗಿತ್ತು. ಭೂಮಧ್ಯರೇಖೆಗಿಂತ ತುಂಬಾ ಕೆಳಗಿನ ಭಾಗ ಹೇಗಿದೆ ಅಂತ ಮಾತ್ರ ಯಾರೂ ಸರಿಯಾಗಿ ಅಳೆದಿರಲಿಲ್ಲ. 1752ರಲ್ಲಿ ಲಕಾಯ್ ಆ ಕೆಲಸಕ್ಕೂ ಕೈ ಹಾಕಿದರು. ಕೇಪ್‌ಟೌನ್‌ನಿಂದ ಉತ್ತರಕ್ಕೆ, ಕ್ಲಿಪ್‌ಫಾಂಟೈನ್ ಅನ್ನುವ ಜಾಗದ ತನಕ, ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ನಡುವಿನ ದೂರವನ್ನು ತ್ರಿಕೋನ ಕಟ್ಟಿ ಲೆಕ್ಕ ಮಾಡಿದರು. ಎರಡೂ ತುದಿಯಲ್ಲಿ ನೆತ್ತಿಯ ನಕ್ಷತ್ರ ನೋಡಿ ಅಕ್ಷಾಂಶ ತೆಗೆದರು.

ಉತ್ತರ ವಿಚಿತ್ರವಾಗಿ ಬಂತು. ಕೇಪಿನ ಡಿಗ್ರಿ ಇರಬೇಕಾದ್ದಕ್ಕಿಂತ ಉದ್ದ. ಅಲ್ಲಿನ ಅಕ್ಷಾಂಶ 33, ಆದರೆ ಅಳತೆ ಧ್ರುವದ ಕಡೆ ಇನ್ನೂ ಮುಂದಿರುವ ಫ್ರಾನ್ಸಿನ ಡಿಗ್ರಿಗೆ ಹತ್ತಿರ. ಅಂದರೆ ಭೂಮಿಯ ದಕ್ಷಿಣಾರ್ಧದ ಆಕಾರವೇ ಬೇರೆ ಅಂತ ಆಗಬೇಕು! ಮತ್ತೆ ಪರೀಕ್ಷೆ ಮಾಡಿದರೂ ತಮ್ಮ ಕೆಲಸದಲ್ಲಿ ಅವರಿಗೆ ತಪ್ಪು ಸಿಗಲಿಲ್ಲ. ತಪ್ಪು ಇರಲೂ ಇಲ್ಲ. ತುಂಬಾ ಜತನದ ಮನುಷ್ಯ.

ಈಗ ಗಮನಿಸಿ. ನೆತ್ತಿ ಯಾವುದು ಅಂತ ಗೊತ್ತು ಮಾಡುವುದು ಹೇಗೆ? ತೂಗುಗುಂಡು ಇಳಿಬಿಟ್ಟು. ಗೋಡೆ ನೆಟ್ಟಗಿದೆಯೇ ಅಂತ ಗಾರೆಯವರು ದಾರಕ್ಕೆ ಗುಂಡು ಕಟ್ಟಿ ನೋಡುತ್ತಾರಲ್ಲ, ಅದೇ. ದಾರ ನೇರ ಕೆಳಕ್ಕೆ ಅಂದರೆ ಅದರ ಎದುರು ದಿಕ್ಕು ನೆತ್ತಿ. ಆದರೆ ಪಕ್ಕದಲ್ಲೇ ಸಾವಿರ ಮೀಟರ್ ಎತ್ತರದ ಬಂಡೆಯ ರಾಶಿ ನಿಂತಿದ್ದರೆ? ಅದಕ್ಕೂ ಗುರುತ್ವ ಇದೆ. ಗುಂಡನ್ನು ಕಣ್ಣಿಗೆ ಕಾಣದಷ್ಟು ತನ್ನ ಕಡೆ ಎಳೆಯುತ್ತದೆ. ದಾರ ಒಂದು ಸೆಕೆಂಡ್ ಓರೆಯಾದರೆ, ಅಂದರೆ ಡಿಗ್ರಿಯ 3,600ನೇ ಒಂದು ಪಾಲು, ನೆಲದ ಮೇಲೆ ಸುಮಾರು 31 ಮೀಟರ್ ವ್ಯತ್ಯಾಸ.

ಸ್ಟ್ರಾಂಡ್ ಬೀದಿಯಿಂದ ಟೇಬಲ್ ಮೌಂಟನ್ ದಕ್ಷಿಣಕ್ಕೆ. ಆ ತುದಿಯ ಗುಂಡು ದಕ್ಷಿಣಕ್ಕೆ ವಾಲಿತು. ಉತ್ತರ ತುದಿಯಲ್ಲಿ ಪಿಕೆಟ್‌ಬರ್ಗ್ ಬೆಟ್ಟಸಾಲು, ಅದು ಗುಂಡನ್ನು ಆ ಕಡೆ ಎಳೆಯಿತು. ಎರಡು ದಾರಗಳೂ ಹೊರಕ್ಕೆ ವಾಲಿದ್ದರಿಂದ ಎರಡು ನೆತ್ತಿಗಳೂ ಒಳಕ್ಕೆ ಸರಿದವು. ನಡುವಿನ ಕೋನ ಕಿರಿದಾಯಿತು. ದೂರ ಅಷ್ಟೇ, ಕೋನ ಕಡಿಮೆ. ಭಾಗಿಸಿದರೆ ಒಂದು ಡಿಗ್ರಿಯ ಉದ್ದ ಜಾಸ್ತಿ. ಅಷ್ಟೇ ಗುಟ್ಟು.

ಆಕಾಶದಲ್ಲಿ ಕೂರಿಸಿ ಗೌರವ ಕೊಟ್ಟ ಬೆಟ್ಟವೇ ಕೆಳಗೆ ಅವರ ದಾರ ಎಳೆಯಿತು. ಅವರಿಗೆ ಅದು ಕೊನೆತನಕ ತಿಳಿಯಲಿಲ್ಲ.

ಲೆಕ್ಕಾಚಾರ

ಬೆಟ್ಟ ಗುಂಡನ್ನು ಎಳೆಯುತ್ತದೆ ಅಂತ ಆಗ ಗೊತ್ತಿರಲಿಲ್ಲವೇ ಸರ್?

ಸರಪಳಿ ಸರ್ವೆಯರ್

ಗೊತ್ತಿತ್ತು. ಫ್ರಾನ್ಸಿನವರೇ ಆದ ಬೂಗೆ 1738ರಲ್ಲಿ ಚಿಂಬೊರಾಸೊ ಪರ್ವತದ ಪಕ್ಕ ನಿಂತು ಅಳೆಯಲು ಹೊರಟಿದ್ದರು. ಚಿಂಬೊರಾಸೊ ಅಂದರೆ 6,000 ಮೀಟರ್ ದಾಟಿದ ಪರ್ವತ. ಅಂಥದ್ದರ ಪಕ್ಕದಲ್ಲೇ ಸಿಕ್ಕ ವಾಲು ಲೆಕ್ಕಕ್ಕಿಂತ ತೀರಾ ಕಡಿಮೆ. ಇನ್ನು ಸಾವಿರ ಮೀಟರಿನ ಬೆಟ್ಟವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಗುಟ್ಟು ಒಡೆದವರ ಹೆಸರು ನಿಮಗೆಲ್ಲ ಗೊತ್ತು. ಜಾರ್ಜ್ ಎವರೆಸ್ಟ್! ನಮ್ಮ ದೇಶದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅದೇ ಸರ್ವೆ, 1804ರಲ್ಲಿ ಬೆಂಗಳೂರಿನ ಹತ್ತಿರ ಆಧಾರರೇಖೆ ಅಳೆದದ್ದು. ಹೈದರಾಬಾದ್ ಕಡೆಯ ಕಾಡಿನಲ್ಲಿ ಜ್ವರ ಬಂದು ನೆಲ ಹಿಡಿದ ಎವರೆಸ್ಟ್ ಅವರನ್ನು ಹವೆ ಬದಲಾವಣೆಗೆ ಅಂತ 1820ರಲ್ಲಿ ಕೇಪ್‌ಗೆ ಕಳಿಸಿದರು. ಸುಮ್ಮನೆ ಕೂರುವ ಆಸಾಮಿ ಅಲ್ಲ. ಲಕಾಯ್ ನಿಂತಿದ್ದ ಜಾಗಗಳನ್ನು ಹುಡುಕಿಕೊಂಡು ಹೋಗಿ ನೋಡಿದರು. ಎರಡೂ ಕಡೆ ಬೆಟ್ಟ ಕಂಡದ್ದೇ ಇದು ಗುಂಡಿನ ಕೆಲಸ ಅಂದರು.

1840ರ ದಶಕದಲ್ಲಿ ಕೇಪ್ ವೀಕ್ಷಣಾಲಯದ ಥಾಮಸ್ ಮಕ್ಲಿಯರ್ ಹೊಸದಾಗಿ ಎಲ್ಲ ಅಳೆದರು. ಬೆಟ್ಟಗಳಿಂದ ದೂರದ ತನಕ ತ್ರಿಕೋನಗಳ ಸರಪಣಿಯನ್ನು ಉದ್ದ ಮಾಡಿದರು. ಎವರೆಸ್ಟ್ ಹೇಳಿದ್ದೇ ಸರಿ. ದಕ್ಷಿಣಾರ್ಧ ಉತ್ತರಾರ್ಧದಂತೆಯೇ ಇದೆ. ಆ ಅಳತೆಗಾಗಿ 1844ರಲ್ಲಿ ಟೇಬಲ್ ಮೌಂಟನ್ ಮೇಲೆ ಕಲ್ಲಿನ ಗುಪ್ಪೆ ಕಟ್ಟಿದರು. ಬೆಟ್ಟದ ಅತಿ ಎತ್ತರದ ಜಾಗ ಇವತ್ತಿಗೂ ಅದೇ, ಮಕ್ಲಿಯರ್ಸ್ ಬೀಕನ್, 1,086 ಮೀಟರ್. ಕೇಪ್ ಕನ್ನಡಿಗರು ನೋಡಿರಬೇಕು.

ಕೇಪ್ ಕನ್ನಡಿಗ

ನೋಡಿದ್ದೇನೆ ಸರ್! ಕೇಬಲ್ ಕಾರ್ ಇಳಿದು ಮಟ್ಟಸ ದಾರಿಯಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ನಡೆಯಬೇಕು. ಆಳೆತ್ತರ ಮೀರಿದ ಕಲ್ಲಿನ ರಾಶಿ. ಎಲ್ಲರೂ ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ, ನಾನೂ ಅಷ್ಟೇ ಮಾಡಿದ್ದು. ಯಾಕೆ ಕಟ್ಟಿದ್ದು ಅಂತ ಈಗ ತಿಳಿಯಿತು.

ಒಂಟಿ ಮರ

ಎಲ್ಲ ತಪ್ಪನ್ನೂ ಟೇಬಲ್ ಮೌಂಟನ್ ತಲೆಗೆ ಕಟ್ಟಬೇಡಿ. ನೀವೇ ಹೇಳಿದಂತೆ ಉತ್ತರ ತುದಿಯ ಬೆಟ್ಟದ ಪಾಲೂ ಇದೆ.

ಸರಪಳಿ ಸರ್ವೆಯರ್

ಇದೆ, ಖಂಡಿತ ಇದೆ. ಪಿಕೆಟ್‌ಬರ್ಗಿಗೆ ಪುಂಜ ಸಿಗಲಿಲ್ಲ, ಹಾಗಾಗಿ ಅದರ ಹೆಸರು ಯಾರೂ ಎತ್ತುವುದಿಲ್ಲ.

ನಿದ್ದೆಗೆಟ್ಟವಳು

ಇಷ್ಟು ಹೊತ್ತಾದರೂ ಮೆನ್ಸಾದ ಪೈ ಮೆನ್ಸೈ ನಕ್ಷತ್ರದ ಬಗ್ಗೆ ಯಾರೂ ಮಾತಾಡಿಲ್ಲ ಅಂದರೆ ಏನು ಕಥೆ! ಆಲ್ಫಾ ಮೆನ್ಸೈ 33 ಜ್ಯೋತಿರ್ವರ್ಷ ದೂರದ, ಹೆಚ್ಚುಕಡಿಮೆ ನಮ್ಮ ಸೂರ್ಯನಂಥ ನಕ್ಷತ್ರ. ಪೈ ಅದಕ್ಕಿಂತಲೂ ಮಂಕು, 5.7ರ ಆಸುಪಾಸು, ದೂರ ಸುಮಾರು 60. 2001ರಲ್ಲಿ ಆಸ್ಟ್ರೇಲಿಯಾದ ದೂರದರ್ಶಕದಿಂದ ಅದರ ಸುತ್ತ ಒಂದು ದೈತ್ಯ ಗ್ರಹ ಸಿಕ್ಕಿತು. ಗುರುವಿನ ಹತ್ತು ಪಟ್ಟಿಗಿಂತ ಜಾಸ್ತಿ ತೂಕ, ಒಂದು ಸುತ್ತಿಗೆ ಐದೂವರೆ ವರ್ಷಕ್ಕೂ ಮೇಲೆ.

ಆಮೇಲೆ 2018ರ ಏಪ್ರಿಲ್‌ನಲ್ಲಿ ನಾಸಾದ ಟೆಸ್ ಉಪಗ್ರಹ ಹಾರಿತು. ನಕ್ಷತ್ರದ ಮುಂದೆ ಗ್ರಹ ಹಾದುಹೋದಾಗ ಬೆಳಕು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ, ಅದನ್ನು ಹಿಡಿಯುವುದು ಅದರ ಕೆಲಸ. ಅದೇ ಸೆಪ್ಟೆಂಬರಿನಲ್ಲಿ ತನ್ನ ಮೊದಲ ಹೊಸ ಗ್ರಹ ಅಂತ ಟೆಸ್ ತಂಡ ಘೋಷಿಸಿದ್ದು ಯಾವುದು? ಪೈ ಮೆನ್ಸೈ ಸಿ! ಭೂಮಿಯ ಎರಡು ಪಟ್ಟು ಅಗಲ, ನಕ್ಷತ್ರಕ್ಕೆ ಅಂಟಿಕೊಂಡಂತೆ ಆರೇಕಾಲು ದಿನಕ್ಕೆ ಒಂದು ಸುತ್ತು. ಒಂದೇ ಮನೆಯಲ್ಲಿ ಇಂಥ ಎರಡು. ಎಲ್ಲಕ್ಕಿಂತ ಮಂಕು ಪುಂಜ ಅಂತ ನೀವೆಲ್ಲ ಕೈ ತೊಳೆದುಕೊಂಡಿದ್ದೀರಿ.

ಅಂಗಳದ ಆಕಾಶ

ಇದು ಗೊತ್ತೇ ಇರಲಿಲ್ಲ. ಕೇಪ್‌ನವರೇ, ನೀವು ಕಣ್ಣಾರೆ ಮೆನ್ಸಾ ನೋಡಿದ್ದೀರಾ?

ಕೇಪ್ ಕನ್ನಡಿಗ

ಊರಿನಿಂದ ಆಗುವುದಿಲ್ಲ. ಮೆನ್ಸಾ ಇಲ್ಲಿ ಮುಳುಗುವುದೇ ಇಲ್ಲ, ವರ್ಷಪೂರ್ತಿ ದಕ್ಷಿಣ ಧ್ರುವದ ಸುತ್ತ ತಿರುಗುತ್ತಲೇ ಇರುತ್ತದೆ. ಆದರೂ ಬೀದಿ ದೀಪದ ಬೆಳಕು 5ನೇ ಕಾಂತಿಮಾನವನ್ನೆಲ್ಲ ನುಂಗಿಹಾಕುತ್ತದೆ. ತನ್ನ ಊರಿನಲ್ಲೇ ಕಾಣದ ಬೆಟ್ಟ.

ನಾನು ನೋಡಿದ್ದು ಸದರ್‌ಲ್ಯಾಂಡ್ ಹತ್ತಿರ. ಕಾರಿನಲ್ಲಿ ನಾಲ್ಕು ಗಂಟೆಗೂ ಜಾಸ್ತಿ ದಾರಿ, 'ಕಾರೂ' ಅನ್ನುವ ಬಯಲು ಸೀಮೆ, ಮರವೇ ಇಲ್ಲ. ಅಲ್ಲೇ ದಕ್ಷಿಣ ಆಫ್ರಿಕಾದ 11 ಮೀಟರಿನ 'ಸಾಲ್ಟ್' ದೂರದರ್ಶಕ ಇದೆ, ಅದರಲ್ಲಿ ನಮ್ಮ ಪುಣೆಯ ಅಯೂಕಾ ಸಂಸ್ಥೆಯೂ ಪಾಲುದಾರ. ಬೇಸಿಗೆಯಲ್ಲೂ ರಾತ್ರಿ ಸ್ವೆಟರ್ ಬೇಕು. ಜೊತೆಗಿದ್ದ ಇಲ್ಲಿನ ಸ್ನೇಹಿತ ಮೊದಲು ಮೆಗೆಲನ್ ಮೋಡ ತೋರಿಸಿದ. ಅದಕ್ಕೆ ಹುಡುಕಾಟವೇ ಬೇಡ, ಎದ್ದು ಕಾಣುತ್ತದೆ. ಅದರ ಧ್ರುವದ ಕಡೆಯ ಅಂಚಿನಿಂದ ಕಣ್ಣು ಸರಿಸಿದರೆ ಬೀಟಾ, ಆಮೇಲೆ ಆಲ್ಫಾ, ಗ್ಯಾಮಾ. ನೇರ ದಿಟ್ಟಿಸಿದರೆ ಮಾಯ, ಕಡೆಗಣ್ಣಿನಲ್ಲಿ ನೋಡಿದರೆ ಹಾಜರು. ಬೆಟ್ಟದ ಆಕಾರ ಅಂತ ಕೇಳಬೇಡಿ, ಏನೂ ಇಲ್ಲ. ಆದರೆ ಮೋಡ ಎಲ್ಲಿರಬೇಕೋ ಅಲ್ಲಿದೆ.

ಬೀದರ್ ಬಿಸಿಲು

ಹಂಗಾರ ಮೋಡ ನೋಡಿ ಬೆಟ್ಟ ಐತಿ ಅನ್ನೂದು.

ಕರಾವಳಿ ಕಾಗೆ

ಮಳೆಗಾಲದಲ್ಲಿ ನಾವು ಘಟ್ಟ ನೋಡುವುದೂ ಹಾಗೆಯೇ ಮಾರಾಯ್ರೆ.

ಅಂಗಳದ ಆಕಾಶ

ತುಂಬಾ ಉಪಕಾರ ಎಲ್ಲರಿಗೂ. ಕನ್ಯಾಕುಮಾರಿಗೆ ಹೋಗುವುದು ಯಾವಾಗಲೋ. ಲಕಾಯ್ ಮಾಡಿದ ಹದಿನಾಲ್ಕರಲ್ಲಿ ನಮ್ಮ ಅಂಗಳದಿಂದ ಸಲೀಸಾಗಿ ಸಿಗುವುದು ಯಾವುದಾದರೂ ಇದೆಯೇ ಮೇಷ್ಟ್ರೇ?

ಹಳೇ ಮೇಷ್ಟ್ರು

ಇದೆ. ಸ್ಕಲ್ಪ್ಟರ್, ಫಾರ್ನಾಕ್ಸ್, ಕೇಲಂ, ಮೈಕ್ರೋಸ್ಕೋಪಿಯಂ, ಆಂಟ್ಲಿಯಾ ಎಲ್ಲ ನಮಗೆ ಚೆನ್ನಾಗಿ ಮೇಲೆ ಬರುತ್ತವೆ. ಆದರೆ ಮಂಕು. ಶುರು ಮಾಡುವುದಾದರೆ ಪಿಕ್ಸಿಸ್ ಹಿಡಿಯಿರಿ, ಹಡಗಿನ ದಿಕ್ಸೂಚಿ. ಅದರ ಆಲ್ಫಾ 3.7, ಬರಿಗಣ್ಣಿಗೇ ಸಿಗುತ್ತದೆ. ತುಮಕೂರಿನಿಂದ 43 ಡಿಗ್ರಿ ಎತ್ತರ. ಮಾರ್ಚ್ ಮಧ್ಯದಲ್ಲಿ ರಾತ್ರಿ 9ಕ್ಕೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಬಲಗಡೆ ಲುಬ್ಧಕ ಹೊಳೆಯುತ್ತಿರುತ್ತದೆ, ಅದರ ಎಡಗಡೆ ಕೆಳಕ್ಕೆ ಇಳಿದರೆ ಪಪ್ಪಿಸ್ ಪುಂಜದ ಝೀಟಾ ನಕ್ಷತ್ರ, ಇನ್ನೂ ಎಡಕ್ಕೆ ಹೋದರೆ ಮೂರು ನಕ್ಷತ್ರ ಸಾಲಾಗಿ ಮೇಲೆ ಕೆಳಗೆ. ನಡುವಿನದು ಆಲ್ಫಾ. ಅಷ್ಟೇ ದಿಕ್ಸೂಚಿ.

ಆಂಟ್ಲಿಯಾ ಅದರ ಪಕ್ಕದ್ದೇ. ಅದು ಒಂಟಿ ಮರ ಅವರ ತಕರಾರಿನ ಪಂಪು.

ತರಲೆ ತಮ್ಮಯ್ಯ

ಬೋರ್‌ವೆಲ್ ಪಂಪಾ ಮೇಷ್ಟ್ರೇ?

ಹಳೇ ಮೇಷ್ಟ್ರು

ಗಾಳಿ ತೆಗೆಯುವ ಪಂಪು. ಬೇರೆ ಎಳೆ ಶುರು ಮಾಡಿ, ಅಲ್ಲಿ ಹೇಳುತ್ತೇನೆ.